ಹೊರ್ತಿಯ ಲಿಂಬೆ, ಮಂಗಳೂರಿನ ಪ್ಲಾಟಿನಂ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ರೇವಣಸಿದ್ಧೇಶ್ವರನ ಕ್ಷೇತ್ರವೆಂದು ಸುತ್ತಲಿನ ಜನ ನಡೆದುಕೊಳ್ಳುವ ಹೊರ್ತಿಯಿಂದ ಮೊದಲ್ಗೊಂಡು ಇಂಡಿ ತಾಲ್ಲೂಕಿನ ಊರೂರುಗಳನ್ನು ದಾಟಿ ಸಿಂದಗಿಯ ಎಲ್ಲೆಯವರೆಗೆ ಹಬ್ಬಿರುವ ಲಿಂಬೆಯ ತೋಟಗಳಿಗೆ ಎರಡೇ ಕಾಲಗಳೆಂದು ಹೇಳಬಹುದು: ಗಿಡದಲ್ಲಿ ಕಾಯಿ ವಿರಳವಾಗಿ ಪೇಟೆಯಲ್ಲಿ ಬೆಲೆ ಏರಿರುವ ಬೇಸಗೆ ಒಂದು, ಗಿಡ ತುಂಬಿ ಬೆಲೆ ನೆಲಕ್ಕಿಳಿಯುವ ಮಳೆಗಾಲ ಇನ್ನೊಂದು. ಕೊಳವೆಬಾವಿ ಬತ್ತಿದಾಗ ಟ್ಯಾಂಕರಿನ ನೀರನ್ನು ಹಣ ಕೊಟ್ಟು ತರಿಸಿ ಬುಡಬುಡಕ್ಕೂ ಹನಿಸಿ ಗಿಡವನ್ನು ಉಳಿಸಿಕೊಂಡ ರೈತನೇ, ಆ ಗಿಡ ಮೈತುಂಬ ಕಾಯಿ ಹೊತ್ತ ಕಾಲಕ್ಕೆ, ಸವಾಲಿನಲ್ಲಿ ಕೂಗಿದ ದರ ಬಿಡಿಸುವ ಕೂಲಿಗೂ ಗಾಡಿಯ ಬಾಡಿಗೆಗೂ ಸಾಲದೆ ಚೀಲಗಳನ್ನು ದಾರಿಯ ಬದಿಗೆ ಸುರಿದು ಬರಿಗೈಯಲ್ಲಿ ಮನೆಗೆ ತಿರುಗಬೇಕಾಗುವುದುಂಟು. ಇದನ್ನು ನಾವು ಪೇಟೆಯ ದೋಷವೆಂದೂ ಅಡತಿಯ ದೋಷವೆಂದೂ ಸಾಗಣೆಯ ದೋಷವೆಂದೂ ವಿವೇಚಿಸುತ್ತ ಬಂದಿದ್ದೇವೆ. ಆ ವಿವೇಚನೆ ಸುಳ್ಳಲ್ಲ. ಆದರೆ ಇದು ರಸಾಯನಶಾಸ್ತ್ರದ ಪ್ರಶ್ನೆಯೂ ಆಗಿದೆಯೆಂಬುದನ್ನು, ಅದರ ಉತ್ತರಕ್ಕೆ ಬೇಕಾದ ವಿದ್ಯೆ ನಮ್ಮ ರಾಜ್ಯದಲ್ಲಿಯೇ ಎರಡು ಕಡೆ ನೆಲೆಗೊಂಡಿದೆಯೆಂಬುದನ್ನು ಯಾರೂ ಹೇಳಿದಂತೆ ಕಾಣದಿರುವುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಲಿಂಬೆಯ ಸಿಪ್ಪೆಯನ್ನು ಬೆರಳಿನಿಂದ ಹಿಂಡಿದಾಗ ಚಿಮ್ಮುವ ಸೂಕ್ಷ್ಮವಾದ ತುಂತುರಿನಲ್ಲಿ ಹೆಚ್ಚಿನ ಪಾಲು ಲಿಮೊನೀನ್ ಎಂಬ ದ್ರವ. ಅದರ ಒಂದು ಅಣುವಿನಲ್ಲಿ ಇಂಗಾಲದ ಪರಮಾಣುಗಳು 10, ಜಲಜನಕದವು 16. ಮತ್ತಾವ ಧಾತುವೂ ಅದರಲ್ಲಿಲ್ಲ. ಅಂದಮೇಲೆ ಅದು ಶುದ್ಧವಾದ ಹೈಡ್ರೊಕಾರ್ಬನ್. ಅರಬ್ಬೀ ದೇಶಗಳಿಂದ ಹಡಗಿನಲ್ಲಿ ಬಂದು ಪಣಂಬೂರಿನ ಬಂದರಿನಲ್ಲಿ ಇಳಿಯುವ ಕಚ್ಚಾತೈಲ ಯಾವ ಕುಲಕ್ಕೆ ಸೇರಿದೆಯೋ ಅದೇ ಕುಲದ್ದು. ಒಂದು ಕೋಟ್ಯಂತರ ವರ್ಷಗಳ ಕಾಲ ನೆಲದೊಳಗೆ ಬೆಂದು ಸಿದ್ಧವಾದದ್ದು. ಇನ್ನೊಂದು ಈ ವರ್ಷದ ಬಿಸಿಲಿನಲ್ಲಿ ಹೊರ್ತಿಯ ಎರೆನೆಲದ ಮೇಲೆ ಸಿದ್ಧವಾದದ್ದು. ಮೊದಲನೆಯದರ ಅಣುಗಳನ್ನು ಲೋಹದ ಸಹಾಯದಿಂದ ಬೇಕಾದ ರೂಪಕ್ಕೆ ಮರುಜೋಡಿಸುವ ವಿದ್ಯೆ ಒಂದು ಶತಮಾನಕ್ಕೂ ಮೀರಿದ ಸಾಧನೆಯಿಂದ ಬೆಳೆದಿರುವುದರಿಂದ, ಎರಡನೆಯದರ ಮಾತಿಗೆ ಬರುವುದಕ್ಕೆ ಮುನ್ನ ಆ ವಿದ್ಯೆಯ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಕಚ್ಚಾತೈಲವನ್ನು ಕಾಯಿಸಿ ಬಟ್ಟಿಯಿಳಿಸಿದಾಗ ಹಗುರವಾದ ಅಂಶವಾಗಿ ದೊರೆಯುವ ನ್ಯಾಫ್ತಾವನ್ನು ಹಾಗೆಯೇ ಮೋಟಾರಿಗೆ ತುಂಬಿದರೆ, ಅದು ಕಿಡಿಯಿಂದ ಹರಡುವ ಜ್ವಾಲೆ ತಲುಪುವುದಕ್ಕೆ ಮೊದಲೇ ಒತ್ತಡಕ್ಕೆ ಹೊತ್ತಿಕೊಂಡು ಎಂಜಿನನ್ನು ಬಡಿಯತೊಡಗುತ್ತದೆ. ಇಂಧನದ ಈ ಗುಣದೋಷವನ್ನು ಅಳೆಯುವುದಕ್ಕೆ ಆಕ್ಟೇನ್ ಅಂಕವೆಂಬ ಮಾನವನ್ನು ಏರ್ಪಡಿಸಿದವರು, ನೇರವಾದ ಸರಪಣಿಯಂತಿರುವ ಹೆಪ್ಟೇನಿಗೆ ಶೂನ್ಯವನ್ನೂ ಕವಲೊಡೆದ ಐಸೊ-ಆಕ್ಟೇನಿಗೆ ನೂರನ್ನೂ ಕೊಟ್ಟರು. ಇಲ್ಲಿಯೇ ವಿಷಯದ ಮರ್ಮವಿದೆ: ಇಂಧನದ ಯೋಗ್ಯತೆ ಅದರಲ್ಲಿ ಇಂಗಾಲವೆಷ್ಟು ಜಲಜನಕವೆಷ್ಟು ಎಂಬ ಲೆಕ್ಕಕ್ಕಿಂತ ಮಿಗಿಲಾಗಿ ಅವು ಯಾವ ಆಕಾರದಲ್ಲಿ ಕೂಡಿಕೊಂಡಿವೆಯೆಂಬುದನ್ನು ಅವಲಂಬಿಸಿದೆ. ಆಕಾರವನ್ನು ಸರಿಪಡಿಸುವ ಶ್ರಮವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಪ್ರಪಂಚವು ಅನೇಕ ದಶಕಗಳ ಕಾಲ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಿತು. ಆ ಸೀಸವು ಹೊಗೆಯೊಡನೆ ಹೊರಬಿದ್ದು ನಗರಗಳ ಗಾಳಿಯಲ್ಲಿ ಸೇರಿ ಎಳೆಯ ಮಕ್ಕಳ ಮೆದುಳಿಗೆ ಮಾಡಿದ ಹಾನಿ ಅಳೆಯಲಾಗದ್ದು. ನಮ್ಮ ದೇಶದಲ್ಲಿ 2000ದ ಫೆಬ್ರವರಿ 1ರಿಂದ ಎಲ್ಲೆಡೆಯೂ ಸೀಸರಹಿತ ಪೆಟ್ರೋಲೇ ಮಾರಾಟವಾಗತಕ್ಕದ್ದೆಂದು ಗೊತ್ತಾಯಿತು. ಆ ಸೀಸದ ಸ್ಥಾನವನ್ನು ಬಹುಮಟ್ಟಿಗೆ ತುಂಬಿದ್ದು ಅಣುವಿನ ಆಕಾರವನ್ನೇ ಬದಲಿಸುವ ರಿಫಾರ್ಮಿಂಗ್ ಎಂಬ ಪ್ರಕ್ರಿಯೆ.

ಹೆಪ್ಟೇನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಾಲಾಗಿ ನಿಂತ ಏಳು ಇಂಗಾಲಗಳಲ್ಲಿ ಒಂದನ್ನೂ ಕಳೆದುಕೊಳ್ಳದೆ, ಆರನ್ನು ವರ್ತುಲವಾಗಿ ಬೆಸೆದು ಏಳನೆಯದನ್ನು ಅದರ ಅಂಚಿಗೆ ಉಳಿಸಿದರೆ ಆಗುವುದು ಟೊಲ್ವೀನ್; ಈ ವ್ಯವಹಾರದಲ್ಲಿ ಜಲಜನಕದ ನಾಲ್ಕು ಅಣುಗಳು ಬಿಡುಗಡೆಯಾಗುತ್ತವೆ, ಆಕ್ಟೇನ್ ಅಂಕವು ಶೂನ್ಯದಿಂದ ಹೊರಟು ನೂರನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಹೊರಬಿದ್ದ ಜಲಜನಕವೂ ವ್ಯರ್ಥವಲ್ಲ. ಡೀಸೆಲಿನೊಳಗಣ ಗಂಧಕವನ್ನು ತೆಗೆಯುವುದಕ್ಕೆ ಸಂಸ್ಕರಣಾಗಾರಗಳು ಅದನ್ನೇ ಬಳಸುತ್ತವೆ. ಸುಮಾರು 500 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಇಷ್ಟೆಲ್ಲವನ್ನೂ ನಡೆಯಿಸುವುದು ಅಲ್ಯೂಮಿನವೆಂಬ ಬಿಳಿಯ ಆಕ್ಸೈಡಿನ ಗುಳಿಗೆಗಳ ಮೇಲೆ ಹರಡಿದ ಪ್ಲಾಟಿನಂ; ತಾನು ವ್ಯಯವಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ಇಂತಹ ದ್ರವ್ಯಕ್ಕೆ ಕ್ರಿಯಾವರ್ಧಕವೆಂದು ಹೆಸರು. ಆ ಲೋಹದ ಪ್ರಮಾಣವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ: ನೂರರಲ್ಲಿ ಒಂದು ಪಾಲಿನ ಮೂರನೆಯ ಒಂದಂಶಕ್ಕೂ ಕಡಿಮೆ, ಎಂದರೆ ಒಂದು ಕಿಲೋ ಗುಳಿಗೆಯಲ್ಲಿ ಮೂರು ಗ್ರಾಂ ಮಾತ್ರ.

ಇಷ್ಟು ಅಲ್ಪವಾದ ಲೋಹ ಇಷ್ಟು ದೊಡ್ಡ ಕೆಲಸವನ್ನು ಮಾಡುವುದು ಆಧಾರದ್ರವ್ಯದ ಉಪಕಾರದಿಂದ. ಲೋಹದ ಗಟ್ಟಿಯನ್ನು ಹಾಗೆಯೇ ಇಟ್ಟರೆ ಅದರ ಒಳಗಣ ಪರಮಾಣುಗಳಿಗೆ ನ್ಯಾಫ್ತಾದ ದರ್ಶನವೇ ಆಗುವುದಿಲ್ಲ; ಮೇಲ್ಮೈಯಲ್ಲಿರುವವಕ್ಕೆ ಮಾತ್ರ ಕೆಲಸ. ಅಲ್ಯೂಮಿನವಾದರೋ ಕಣ್ಣಿಗೆ ಕಾಣದ ರಂಧ್ರಗಳಿಂದ ತುಂಬಿ, ಒಂದು ಗ್ರಾಮಿಗೆ ಸುಮಾರು 200 ಚದರ ಮೀಟರಿನಷ್ಟು ಒಳಮೈಯನ್ನು ಪಡೆದಿರುತ್ತದೆ. ನಮ್ಮ ಹೊಲದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗ್ರಾಂ ಪುಡಿಯಲ್ಲಿ ಎರಡು ಗುಂಟೆ, ಅಂಗೈಯಲ್ಲಿ ಹಿಡಿದ 20 ಗ್ರಾಮಿನಲ್ಲಿ ಒಂದು ಎಕರೆ. ಆ ವಿಶಾಲವಾದ ಮೈಯ ಮೇಲೆ ಪ್ಲಾಟಿನಂ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಷ್ಟು ಗಾತ್ರದ ಕಣಗಳಾಗಿ ಚೆದರಿಕೊಂಡು, ತನ್ನ ಬಹುತೇಕ ಪರಮಾಣುಗಳನ್ನು ಹೊರಮೊಗವಾಗಿ ನಿಲ್ಲಿಸಿಕೊಂಡಿರುತ್ತದೆ.

ಆದರೆ ಅಲ್ಯೂಮಿನ ಬರಿಯ ನೆಲೆಯಲ್ಲ. ಕ್ಲೋರಿನ್ ಸೇರಿಸಿದಾಗ ಅದು ಆಮ್ಲದ ಗುಣವನ್ನು ಪಡೆದು ತಾನೂ ಕೆಲಸಕ್ಕೆ ಇಳಿಯುತ್ತದೆ. ಲೋಹವು ಅಣುವಿನಿಂದ ಜಲಜನಕವನ್ನು ಕಳಚುತ್ತದೆ, ಮರಳಿ ಸೇರಿಸುತ್ತದೆ. ಇಂಗಾಲದ ಅಸ್ಥಿಪಂಜರವನ್ನು ಮುರಿಯದೆ ಮಣಿಸಿ ಕವಲು ಮಾಡುವುದು, ಐದರ ವರ್ತುಲವನ್ನು ಆರರ ವರ್ತುಲವಾಗಿ ಹಿಗ್ಗಿಸುವುದು ಮುಖ್ಯವಾಗಿ ಆಮ್ಲದ ಕೆಲಸ. ಲೋಹದ ಬಳಿ ಜಲಜನಕವನ್ನು ಬಿಟ್ಟ ಅಣು ಆಮ್ಲದ ಬಳಿಗೆ ಹೋಗಿ ರೂಪವನ್ನು ಬದಲಿಸಿಕೊಂಡು ಮತ್ತೆ ಲೋಹದ ಬಳಿಗೆ ಬರುತ್ತದೆಂಬ ಈ ವಿವರಣೆ 1950ರ ದಶಕದಲ್ಲಿ ಖಚಿತವಾಯಿತು. ಪಾಲ್ ವೈಸ್ ಎಂಬ ವಿಜ್ಞಾನಿ ಪ್ಲಾಟಿನಂ ಇರುವ ಕಣಗಳನ್ನೂ ಆಮ್ಲಗುಣವುಳ್ಳ ಕಣಗಳನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ ಬರಿದೆ ಕಲೆಸಿ ನೋಡಿದಾಗ, ಒಂದೊಂದೇ ಇದ್ದಾಗ ನಡೆಯದಿದ್ದ ಪರಿವರ್ತನೆ ಮಿಶ್ರಣದಲ್ಲಿ ನಡೆಯಿತು; ಕಣಗಳನ್ನು ನುಣ್ಣಗೆ ಅರೆದಷ್ಟೂ, ಅಂದರೆ ಎರಡರ ನಡುವಣ ಅಂತರ ಕುಗ್ಗಿದಷ್ಟೂ ಚೆನ್ನಾಗಿ ನಡೆಯಿತು. ಅಣುಗಳು ಒಂದರಿಂದ ಇನ್ನೊಂದಕ್ಕೆ ಸಂಚರಿಸುತ್ತವೆಂಬುದಕ್ಕೆ ಇದಕ್ಕಿಂತ ಸರಳವಾದ, ಸುಂದರವಾದ ಪ್ರಮಾಣವನ್ನು ನಾನು ಕಾಣೆ.

ಚರಿತ್ರೆಯನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಪ್ಲಾಟಿನಂ ಪುಡಿಯ ಮೇಲೆ ಹಾಯಿಸಿದ ಜಲಜನಕ ತಾನಾಗಿ ಹೊತ್ತಿಕೊಳ್ಳುವುದನ್ನು ಜರ್ಮನಿಯ ಡೋಬರೈನರ್ 1823ರಲ್ಲಿ ತೋರಿಸಿದ; ಇಂತಹ ಘಟನೆಗಳಿಗೆಲ್ಲ 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಕ್ರಿಯಾವರ್ಧನೆಯೆಂಬ ಒಂದು ಸಾಮಾನ್ಯ ತತ್ತ್ವವನ್ನು ಕಲ್ಪಿಸಿದ; ಪ್ಲಾಟಿನಂ ಮತ್ತು ಪಲ್ಲಾಡಿಯಂ ಲೋಹಗಳು ಸೈಕ್ಲೊಹೆಕ್ಸೇನನ್ನು ಬೆಂಜೀನಾಗಿ ಮಾಡಬಲ್ಲವೆಂದು ರಷ್ಯದ ಜೆಲಿನ್‌ಸ್ಕಿ 1911ರಲ್ಲಿ ಕಂಡ. ಆದರೂ ಚಿನ್ನದಂತೆ ತೂಗಿ ಕೊಳ್ಳಬೇಕಾದ ಲೋಹವನ್ನು ಎಣ್ಣೆಯ ಕಾರ್ಖಾನೆಯಲ್ಲಿ ಸುರಿಯುವುದು ಹುಚ್ಚೆಂಬ ಭಾವನೆ ಎಲ್ಲರಲ್ಲಿಯೂ ಇದ್ದಾಗ, ಅತ್ಯಲ್ಪ ಪ್ರಮಾಣವನ್ನು ಚೆನ್ನಾಗಿ ಹರಡಿ ಬಹುಕಾಲ ಬಾಳುವಂತೆ ಮಾಡಿದರೆ ಲೆಕ್ಕ ಸರಿಹೋಗುವುದೆಂದು ಹಟ ಹಿಡಿದು ಸಾಧಿಸಿದವನು, ರಷ್ಯದಿಂದ ಅಮೆರಿಕಕ್ಕೆ ವಲಸೆ ಬಂದಿದ್ದ ವ್ಲಾಡಿಮಿರ್ ಹೆನ್ಸೆಲ್. ಆತನ ವಿಧಾನದ ಮೊದಲ ಘಟಕ 1949ರಲ್ಲಿ ಮಿಷಿಗನ್ ಪ್ರಾಂತದ ಮಸ್ಕೀಗನ್ ಊರಿನ ಒಂದು ಸಣ್ಣ ಸಂಸ್ಕರಣಾಗಾರದಲ್ಲಿ ನಡೆಯತೊಡಗಿತು. ಸಣ್ಣ ಊರಿನ ಸಣ್ಣ ಕಾರ್ಖಾನೆಯಲ್ಲಿ ಇದು ಆರಂಭವಾಯಿತೆಂಬುದನ್ನು ನಾನು ಬೇಕೆಂದೇ ಎತ್ತಿ ಹೇಳುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ ಈ ಕಾರ್ಯ ನಡೆಯುವುದು ಮಂಗಳೂರಿನ ಉತ್ತರಕ್ಕೆ ಕುತ್ತೆತ್ತೂರು, ಕಾಟಿಪಳ್ಳಗಳ ಬಳಿಯ ಮಂಗಳೂರು ರಿಫೈನರಿಯಲ್ಲಿ, ಅಂದರೆ ಎಂಆರ್‌ಪಿಎಲ್‌ನಲ್ಲಿ. 1988ರಲ್ಲಿ ಸ್ಥಾಪಿತವಾಗಿ, 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ನಿನ ಸಾಮರ್ಥ್ಯದಿಂದ ಕೆಲಸವನ್ನು ಆರಂಭಿಸಿ, 2003ರಲ್ಲಿ ಒಎನ್‌ಜಿಸಿಯ ಆಡಳಿತಕ್ಕೆ ಬಂದು, ಈಗ ಒಂದೂವರೆ ಕೋಟಿ ಟನ್ನಿನ ಮಟ್ಟಕ್ಕೆ ಬೆಳೆದಿರುವ ಈ ಸಂಸ್ಥೆಯಲ್ಲಿ ನಿರಂತರವಾಗಿ ನಡೆಯುವ ಎರಡು ರಿಫಾರ್ಮರುಗಳಿವೆ. ನ್ಯಾಫ್ತಾದಲ್ಲಿ ಗಂಧಕ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಮೀರಿದರೂ ಪ್ಲಾಟಿನಂಗೆ ಅದು ವಿಷವಾಗುವುದರಿಂದ ಮೊದಲು ಅದನ್ನು ಶುದ್ಧಿ ಮಾಡುತ್ತಾರೆ. ಇಂತಹ ಘಟಕದಲ್ಲಿ ಸಾಸುವೆಗಿಂತ ತುಸು ಮಾತ್ರ ಭಿನ್ನವಾದ ಗಾತ್ರದ ದುಂಡನೆಯ ಗುಳಿಗೆಗಳು ಒಂದರ ಮೇಲೊಂದು ನಿಂತ ಪಾತ್ರೆಗಳ ಮೂಲಕ ಮೆಲ್ಲಮೆಲ್ಲನೆ ಕೆಳಕ್ಕೆ ಜಾರುತ್ತ, ದಾರಿಯಲ್ಲಿ ಮಸಿಯನ್ನು ಹತ್ತಿಸಿಕೊಂಡು ಮಂದವಾಗುತ್ತವೆ. ಆಗ ಅನಿಲದ ಬಲದಿಂದ ಅವನ್ನು ಮೇಲೆತ್ತಿ, ಮಸಿಯನ್ನು ಸುಟ್ಟು, ಕ್ಲೋರಿನ್ ಊಡಿಸಿ, ಒಂದುಗೂಡಿದ ಪ್ಲಾಟಿನಂ ಕಣಗಳನ್ನು ಪುನಃ ಚೆದರಿಸಿ, ಜಲಜನಕದಲ್ಲಿ ಹದಗೊಳಿಸಿ ಮತ್ತೆ ತಲೆಯಲ್ಲಿ ಸುರಿಯುತ್ತಾರೆ. ಹಗಲಿರುಳೂ ಈ ಪರಿಭ್ರಮಣ ನಿಲ್ಲುವುದಿಲ್ಲ. ಪಕ್ಕದಲ್ಲಿಯೇ ತಲೆಯೆತ್ತಿ, 2022ರಲ್ಲಿ ಈ ಸಂಸ್ಥೆಯಲ್ಲಿಯೇ ವಿಲೀನವಾದ ಮತ್ತೊಂದು ಸ್ಥಾವರದಲ್ಲಿ ಲಕ್ಷಗಟ್ಟಲೆ ಟನ್ನು ಪ್ಯಾರಾಕ್ಸೈಲೀನ್ ತಯಾರಾಗುತ್ತದೆ. ಪಾಲಿಯೆಸ್ಟರ್ ಬಟ್ಟೆಯ ಮೂಲದ್ರವ್ಯ ಅದು.

ಈ ಸ್ಥಾವರಗಳಿಗಾಗಿ ಕಳವಾರು, ಪೆರ್ಮುದೆಗಳ ಜನ ಬಿಟ್ಟುಕೊಟ್ಟ ಗದ್ದೆ ತೋಟಗಳ ನೋವನ್ನೂ ಅಲ್ಲಿನ ಗಾಳಿ ನೀರಿನ ವಿಷಯದಲ್ಲಿ ಎದ್ದ ದೂರುಗಳನ್ನೂ ಪತ್ರಿಕೆಗಳು ಬರೆದಿವೆ, ಬರೆಯಬೇಕಾದದ್ದೇ. ಆದರೆ ಅಷ್ಟೊಂದು ಬೆಲೆ ತೆತ್ತು ನಾವು ಯಾವ ವಿದ್ಯೆಯನ್ನು ನಾಡಿನೊಳಕ್ಕೆ ತಂದುಕೊಂಡೆವೆಂಬುದನ್ನು ಕನ್ನಡದಲ್ಲಿ ವಿವರಿಸಿದವರು ವಿರಳ. ವಿದ್ಯೆ ಬೇಲಿಯೊಳಗೆ ಉಳಿದು, ಬೇಲಿಯ ಹೊರಗೆ ಅದರ ಉತ್ಪನ್ನ ಮಾತ್ರ ಬಂಕಿನಿಂದ ಬಂಕಿಗೆ ಹರಿಯುವ ಸ್ಥಿತಿ ಯಾವ ಸಮಾಜಕ್ಕೂ ಶ್ರೇಯಸ್ಕರವಲ್ಲ.

ಇನ್ನೊಂದು ನೆಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಕೆ. ಸಿ. ಪಾಟೀಲರು ತಮ್ಮ ವಿದ್ಯಾರ್ಥಿಯೊಡನೆ 1988ರಲ್ಲಿ ಪ್ರಕಟಿಸಿದ ಒಂದು ವಿಧಾನ ಪ್ರಪಂಚದ ಪ್ರಯೋಗಶಾಲೆಗಳನ್ನೆಲ್ಲ ಸುತ್ತಿ ಬಂದಿದೆ. ಅಲ್ಯೂಮಿನಿಯಂ ನೈಟ್ರೇಟನ್ನೂ ಯೂರಿಯವನ್ನೂ ನೀರಿನಲ್ಲಿ ಕರಗಿಸಿ, 500 ಡಿಗ್ರಿಗೆ ಕಾದ ಕುಲುಮೆಯಲ್ಲಿ ಇಟ್ಟರೆ ಅದು ಕುದಿದು ಉಕ್ಕಿ ತಾನೇ ಜ್ವಾಲೆಯಾಗಿ ಉರಿದು, ಕೆಲವೇ ನಿಮಿಷಗಳಲ್ಲಿ ನೊರೆಯಂತಹ ಅಲ್ಯೂಮಿನವಾಗಿ ನಿಲ್ಲುತ್ತದೆ. ಹೀಗೆ ದೊರೆತದ್ದು ರಿಫಾರ್ಮರಿನಲ್ಲಿ ಬಳಸುವ ಅಲ್ಯೂಮಿನಕ್ಕಿಂತ ಭಿನ್ನವಾದ ರೂಪವೆಂಬುದು ನಿಜ. ಆದರೆ ಯಾವ ರೈತನ ಮನೆಯಲ್ಲಿಯೂ ಚೀಲದಲ್ಲಿರುವ ಯೂರಿಯವನ್ನು ಉರುವಲಾಗಿಸಿ ಉತ್ಕೃಷ್ಟವಾದ ಆಕ್ಸೈಡನ್ನು ಪಡೆಯಬಹುದೆಂಬ ದೃಷ್ಟಿ ಅಪೂರ್ವವಾದದ್ದು. ಅದೇ ಮಾರ್ಗವನ್ನು ಹಿಡಿದು ಎಂ. ಎಸ್. ಹೆಗಡೆಯವರೂ ಅವರ ಸಂಗಡಿಗರೂ ಸೀರಿಯಂ ಆಕ್ಸೈಡಿನೊಳಗೆ ಪ್ಲಾಟಿನಂ, ಪಲ್ಲಾಡಿಯಂಗಳನ್ನು ಲೋಹದ ಕಣಗಳಾಗಿ ಅಲ್ಲ, ಒಂದೊಂದೇ ಅಯಾನುಗಳಾಗಿ ಸ್ಫಟಿಕದ ಮೈಯಲ್ಲಿಯೇ ಸೇರಿಸಿ, ವಾಹನಗಳ ಹೊಗೆಯನ್ನು ಶುದ್ಧಿ ಮಾಡುವುದಕ್ಕೆ ಅತ್ಯಲ್ಪ ಲೋಹ ಸಾಕೆಂದು ತೋರಿಸಿದರು. ಅಂದಮೇಲೆ ಈ ವಿದ್ಯೆಯನ್ನು ಕರ್ನಾಟಕವು ಪರರಿಂದ ಪಡೆದು ಬಳಸುತ್ತಿದೆಯಷ್ಟೇ ಅಲ್ಲ, ಅದಕ್ಕೆ ತನ್ನ ಪಾಲನ್ನೂ ಸೇರಿಸಿದೆ.

ಈಗ ಲಿಂಬೆಯ ಮಾತು. ಲಿಮೊನೀನಿನ ಹತ್ತು ಇಂಗಾಲಗಳಲ್ಲಿ ಆರು ಆಗಲೇ ವರ್ತುಲವಾಗಿ ಕುಳಿತಿವೆ. ಹೆಪ್ಟೇನಿನಲ್ಲಿ ಪಡಬೇಕಾದ ಕಷ್ಟದ ಬಹುಪಾಲನ್ನು ಗಿಡವೇ ನಮಗಾಗಿ ಪಟ್ಟಿದೆ. ಇದ್ದಿಲಿನ ಪುಡಿಯ ಮೇಲೆ ಹರಡಿದ ಪಲ್ಲಾಡಿಯಂ ಸಂಪರ್ಕದಲ್ಲಿ ಅದನ್ನು ಕಾಯಿಸಿದರೆ ದ್ವಿಬಂಧಗಳು ಸ್ಥಳವನ್ನು ಬದಲಿಸಿ ವರ್ತುಲದೊಳಕ್ಕೆ ಸರಿದು, ಜಲಜನಕದ ಒಂದು ಅಣು ಕಳಚಿ, ಪ್ಯಾರಾಸೈಮೀನ್ ಎಂಬ ಸ್ಥಿರವಾದ ಹೈಡ್ರೊಕಾರ್ಬನ್ ಆಗುತ್ತದೆ. ಓಮಕಾಳಿನಲ್ಲಿಯೂ ಜೀರಿಗೆಯಲ್ಲಿಯೂ ಪ್ರಕೃತಿ ಇಟ್ಟಿರುವ ದ್ರವವೇ ಅದು. ಸುಗಂಧದ್ರವ್ಯಗಳಿಗೂ ಕ್ರೆಸಾಲಿನಂತಹ ರಾಸಾಯನಿಕಗಳಿಗೂ ಅದು ಬೇಕು. ಕಳಚಿದ ಜಲಜನಕಕ್ಕೆ ಹೊರಗೆ ಹೋಗುವ ದಾರಿಯಿಲ್ಲದಿದ್ದರೆ ಅದು ಪಕ್ಕದ ಲಿಮೊನೀನ್ ಅಣುವನ್ನೇ ಸೇರಿಕೊಳ್ಳುತ್ತದೆ. ಆಗ ಮೂರು ಅಣುಗಳಲ್ಲಿ ಎರಡು ಸೈಮೀನ್ ಆಗಿ, ಮೂರನೆಯದು ಜಲಜನಕವನ್ನೆಲ್ಲ ಹೊತ್ತು ಮೆಂಥೇನ್ ಆಗುತ್ತದೆ. ಎಷ್ಟು ಅಚ್ಚುಕಟ್ಟಾದ ಲೆಕ್ಕ! ಸೈಮೀನನ್ನು ಮುಂದೆ ಉತ್ಕರ್ಷಿಸಿದರೆ, ಮಂಗಳೂರಿನ ಪ್ಯಾರಾಕ್ಸೈಲೀನಿನಿಂದ ದೊರೆಯುವ ಟೆರೆಫ್ತಾಲಿಕ್ ಆಮ್ಲವೇ ಇದರಿಂದಲೂ ದೊರೆಯುತ್ತದೆ.

ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಹೊರ್ತಿಯ ತೋಟಗಳಲ್ಲಿ ಬೆಳೆಯುವ ಕಾಗ್ಜಿ ಲಿಂಬೆಯೂ ಮೆಕ್ಸಿಕೊ ದೇಶದ ಸಣ್ಣ ಲಿಂಬೆಯೂ ಒಂದೇ ಜಾತಿ. ಅಲ್ಲಿ ಹಣ್ಣನ್ನು ಜಜ್ಜಿ ರಸದೊಡನೆಯೇ ಹಬೆಯಿಂದ ಬಟ್ಟಿಯಿಳಿಸಿ, ಪ್ರಪಂಚದ ತಂಪುಪಾನೀಯಗಳಿಗೆ ಬೇಕಾದ ಲಿಂಬೆಯ ತೈಲವನ್ನು ತೆಗೆಯುತ್ತಾರೆ. ಆ ಕುದಿತದಲ್ಲಿ ರಸದ ಹುಳಿಯೇ ತೈಲದ ಅಣುಗಳ ಮೇಲೆ ಕೆಲಸ ಮಾಡಿ ಅವನ್ನು ಮರುಜೋಡಿಸುತ್ತದೆ. ಸಿಟ್ರಾಲ್ ಮಾಯವಾಗಿ ಟರ್ಪಿನಿಯಾಲ್, ಟರ್ಪಿನೊಲೀನ್, ಸಿನಿಯೋಲ್‌ಗಳೂ ಸ್ವಲ್ಪ ಸೈಮೀನೂ ಹುಟ್ಟುತ್ತವೆ. ಬಟ್ಟಿಯ ಲಿಂಬೆತೈಲಕ್ಕೆ ತಾಜಾ ಸಿಪ್ಪೆಯದಲ್ಲದ ಬೇರೊಂದು ಪರಿಮಳ ಬರುವುದು ಇದರಿಂದ. ರಿಫಾರ್ಮರಿನ ಗುಳಿಗೆಯಲ್ಲಿ ಆಮ್ಲ ಮಾಡುವ ಕಾರ್ಯವನ್ನು ಇಲ್ಲಿ ಲಿಂಬೆಯ ಸ್ವಂತ ಹುಳಿ ಮಾಡುತ್ತದೆ. ಲೋಹದ ಕಾರ್ಯವೊಂದನ್ನು ಮನುಷ್ಯ ಒದಗಿಸಬೇಕು.

ಇಷ್ಟನ್ನು ಹೇಳಿದ ಮೇಲೆ ಓದುಗರಲ್ಲಿ ಅತಿಯಾದ ಆಸೆಯನ್ನು ಹುಟ್ಟಿಸುವುದು ಅನ್ಯಾಯವಾದೀತು. ಲಿಂಬೆಯಿಂದ ಪಾಲಿಯೆಸ್ಟರ್ ನೇಯಬಹುದೆಂದು ಯಾರಾದರೂ ಹೊರ್ತಿಯ ಚಾವಡಿಯಲ್ಲಿ ಭಾಷಣ ಮಾಡಿದರೆ ಅದನ್ನು ನಂಬತಕ್ಕದ್ದಲ್ಲ. ಒಂದು ಟನ್ ಹಣ್ಣಿನಿಂದ ಹೊರಡುವ ತೈಲ ಕೆಲವೇ ಕಿಲೋಗಳಷ್ಟು. ಅದರಲ್ಲಿ ಲಿಮೊನೀನ್ ಅರ್ಧದ ಆಸುಪಾಸು. ಅದಲ್ಲದೆ ಒಳ್ಳೆಯ ಬಟ್ಟಿಯ ತೈಲಕ್ಕೆ ತೈಲವಾಗಿಯೇ ಹೆಚ್ಚಿನ ಬೆಲೆ ಇರುವಾಗ ಅದನ್ನು ಸೈಮೀನ್ ಮಾಡುವುದು ಲಾಭವನ್ನು ಕೈಯಾರೆ ಕಳೆದುಕೊಂಡಂತೆ. ಲೋಹದ ಕೆಲಸಕ್ಕೆ ಯೋಗ್ಯವಾದದ್ದು ತೈಲವನ್ನು ಪರಿಷ್ಕರಿಸಿದಾಗ ಬೇರ್ಪಡುವ ಲಿಮೊನೀನ್, ಮತ್ತು ಬಹಳ ದಿನ ಇಟ್ಟು ಪರಿಮಳ ಕೆಟ್ಟ ತೈಲದ ಹಗುರ ಅಂಶ. ಅಲ್ಲಿಯೂ ಒಂದು ತೊಡಕುಂಟು: ಲಿಮೊನೀನ್ ಕುದಿಯುವುದು 176 ಡಿಗ್ರಿಯಲ್ಲಿ, ಸೈಮೀನ್ 177ರಲ್ಲಿ, ಕ್ರಿಯೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಬಟ್ಟಿಯಿಂದ ಎರಡನ್ನೂ ಬೇರ್ಪಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದ್ದರಿಂದ ಒಳ್ಳೆಯ ಕ್ರಿಯಾವರ್ಧಕ ಬೇಕು, ಕೊನೆಮುಟ್ಟಿಸುವ ಕುಶಲತೆ ಬೇಕು, ಆಯಿತೋ ಇಲ್ಲವೋ ಎಂದು ಅಳೆದು ನೋಡುವ ಉಪಕರಣ ಬೇಕು.

ಆದ್ದರಿಂದ ನಾನು ಬೇಡುವುದು ಒಂದು ಕ್ರಮ. ಮೊದಲು ಬಟ್ಟಿ, ಅನಂತರ ಪರೀಕ್ಷಾಲಯ, ಕೊನೆಗೆ ಪಲ್ಲಾಡಿಯಂ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮುದ್ರೆ ದೊರೆತಿದೆ; ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿಯೇ ಇದೆ; ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನ ಕೇಂದ್ರವೂ ಅಲ್ಲಿದೆ. ಮೈಸೂರಿನ ಆಹಾರ ಸಂಶೋಧನಾಲಯಕ್ಕೆ 1950ರಿಂದಲೂ ಹಣ್ಣಿನ ಸಂಸ್ಕರಣದ ಅನುಭವವಿದೆ. ಬೆಂಗಳೂರಿನಲ್ಲಿ ಸುಗಂಧಸಸ್ಯಗಳ ಕೇಂದ್ರವಿದೆ. ಮಳೆಗಾಲದಲ್ಲಿ ಬೆಲೆ ಒಂದು ಮಟ್ಟಕ್ಕಿಂತ ಇಳಿದ ದಿನ ಹಣ್ಣನ್ನು ಕೊಂಡು ರಸ, ತೈಲ, ಪೆಕ್ಟಿನ್‌ಗಳಾಗಿ ಮಾಡುವ ಒಂದು ಸಹಕಾರಿ ಸ್ಥಾವರವಿದ್ದರೆ, ಅದು ಕೊಳ್ಳುವ ಪ್ರಮಾಣ ಇಡೀ ಬೆಳೆಗೆ ಹೋಲಿಸಿದರೆ ಸಣ್ಣದಾದರೂ, ಸವಾಲಿನಲ್ಲಿ ಕೂಗುವವನಿಗೆ ಕೆಳಗೊಂದು ನೆಲವಿದೆಯೆಂಬ ತಿಳಿವಳಿಕೆ ಬರುತ್ತದೆ. ತೈಲ ಒಂದರಿಂದಲೇ ಸ್ಥಾವರ ಬದುಕುತ್ತದೆಂದು ನಾನು ಹೇಳುವುದಿಲ್ಲ. ರಸ ಮತ್ತು ಸಿಪ್ಪೆಗಳ ಜೊತೆಯಲ್ಲಿ ಅದು ಬದುಕಬಲ್ಲದು.

ಇಂತಹ ಹೆಜ್ಜೆಗೆ ನಮ್ಮಲ್ಲಿ ಪೂರ್ವಪ್ರಮಾಣವಿಲ್ಲವೆನ್ನುವಂತಿಲ್ಲ. ಮೊದಲ ಮಹಾಯುದ್ಧದ ಮುನ್ನ ಮೈಸೂರಿನ ಶ್ರೀಗಂಧದ ಕೊರಡುಗಳು ಹಡಗನ್ನೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧ ಆ ಪೇಟೆಯನ್ನು ಮುಚ್ಚಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿಯೇ ಗಂಧದೆಣ್ಣೆಯನ್ನು ಇಳಿಸಲಾಯಿತು. ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಅದರ ಬೆನ್ನಿಗೇ ಎಸ್. ಜಿ. ಶಾಸ್ತ್ರಿಗಳು ರೂಪಿಸಿದ ಸಾಬೂನು ಬಂದಿತು. ಅರಮನೆಯೂ ವಿದ್ಯಾಶಾಲೆಯೂ ಅರಣ್ಯವೂ ಕೂಡಿ ಎರಡು ವರ್ಷಗಳೊಳಗೆ ಮಾಡಿದ ಈ ಕಾರ್ಯದ ಫಲವನ್ನು ನಾಡು ಇಂದಿಗೂ ಉಣ್ಣುತ್ತಿದೆ. ಆದರೆ ಗಂಧದ ಮರ ಸರ್ಕಾರದ ಸ್ವತ್ತಾಗಿತ್ತು. ಲಿಂಬೆ ಸಾವಿರಾರು ರೈತರ ಸ್ವತ್ತು. ಆದಕಾರಣ ಇಲ್ಲಿ ಒಡೆತನವೂ ಅವರದೇ ಆಗತಕ್ಕದ್ದು. ಹೊರಗಿನ ಕಂಪನಿಯೊಂದು ಬಂದು ಮಳೆಗಾಲದ ಅಗ್ಗದ ಹಣ್ಣನ್ನು ಕೊಂಡು ತೈಲದ ಲಾಭವನ್ನು ಒಯ್ಯುವಂತಾದರೆ ದಲಾಲನ ಸ್ಥಾನದಲ್ಲಿ ಇನ್ನೊಬ್ಬ ದಲಾಲ ಬಂದಂತಾಗುತ್ತದೆ.

ನೀರಿಲ್ಲದ ಸೀಮೆಯಲ್ಲಿ ಬಟ್ಟಿಯೇ ಎಂದು ಕೇಳುವವರಿಗೆ ಉತ್ತರ ಕೊಡಬೇಕು, ಏಕೆಂದರೆ ಆ ಪ್ರಶ್ನೆ ನ್ಯಾಯವಾದದ್ದು. ಹೊರ್ತಿಯ ಹೆಸರನ್ನು ಹೊತ್ತ ರೇವಣಸಿದ್ಧೇಶ್ವರ ಏತ ನೀರಾವರಿ ಯೋಜನೆ ಈ ಭಾಗದ ಜನ ಎಷ್ಟು ಕಾಲ ಕಾದು ಬೇಡಿದ್ದೆಂಬುದನ್ನು ಬಲ್ಲವರಾರೂ ಇಲ್ಲಿ ನೀರನ್ನು ಪೋಲುಮಾಡುವ ಉದ್ಯಮವನ್ನು ಸೂಚಿಸಲಾರರು. ಬಟ್ಟಿಗೆ ಹೆಚ್ಚು ನೀರು ಬೇಕಾಗುವುದು ಹಬೆಯನ್ನು ತಣಿಸುವುದಕ್ಕೆ. ಆ ನೀರು ಖರ್ಚಾಗುವುದಿಲ್ಲ, ಬಿಸಿಯಾಗುತ್ತದೆ. ಗೋಪುರದ ಮೇಲಿಂದ ಇಳಿಸಿ ಆರಿಸಿ, ಆವಿಯಾಗಿ ಹೋದಷ್ಟನ್ನು ಮಾತ್ರ ತುಂಬಿಸಿ, ಮತ್ತೆ ಮತ್ತೆ ಬಳಸಬಹುದು. ಅಲ್ಲದೆ ಹಣ್ಣಿನ ನೆರೆ ಬರುವುದೇ ಮಳೆಗಾಲದಲ್ಲಿ. ಉರುವಲಿಗೆ ಹಿಂಡಿದ ಹಿಪ್ಪೆ ಇದೆ, ಪ್ರತಿ ವರ್ಷ ಹೊಲದಲ್ಲಿಯೇ ಸುಟ್ಟುಹೋಗುವ ತೊಗರಿಯ ಕಟ್ಟಿಗೆಯೂ ಇದೆ.

ಪಲ್ಲಾಡಿಯಂ ಸರದಿ ಬರುವುದಕ್ಕೆ ಸ್ಥಾವರ ಏಳುವವರೆಗೆ ಕಾಯಬೇಕಾದ ಅವಶ್ಯಕತೆಯೂ ಇಲ್ಲವೆಂದು ನನ್ನ ಅಭಿಪ್ರಾಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪದವಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರವನ್ನು ಓದುವ ಹುಡುಗ ಹುಡುಗಿಯರು ಕ್ರಿಯಾವರ್ಧಕದ ವ್ಯಾಖ್ಯೆಯನ್ನು ಕಂಠಪಾಠ ಮಾಡಿ ಬರೆಯುತ್ತಾರೆ. ಅವರಲ್ಲಿ ಎಷ್ಟೋ ಮಂದಿಯ ಮನೆಯ ಹಿಂದೆಯೇ ಲಿಂಬೆಯ ತೋಟವಿದೆ. ತಾವೇ ತಂದ ಸಿಪ್ಪೆಯಿಂದ ತೈಲವನ್ನು ಇಳಿಸಿ, ಅದರ ಹಗುರ ಅಂಶವನ್ನು ಪಲ್ಲಾಡಿಯಂ ಹತ್ತಿಸಿದ ಇದ್ದಿಲಿನೊಡನೆ ಗಾಜಿನ ಪಾತ್ರೆಯಲ್ಲಿ ಕೆಲವು ಗಂಟೆ ಕಾಯಿಸಿ, ವಾಸನೆ ಬದಲಾಗುವುದನ್ನು ಮೂಗಿನಿಂದ, ದ್ವಿಬಂಧಗಳು ಕಡಿಮೆಯಾಗುವುದನ್ನು ಬ್ರೋಮಿನ್ ದ್ರಾವಣದ ಬಣ್ಣದಿಂದ ಅವರು ತಿಳಿಯಬಹುದು. ಅಧ್ಯಾಪಕರು ಎದುರಿಗೆ ನಿಂತಿರಲೇಬೇಕು. ಬಳಸಿದ ಇದ್ದಿಲು ಒಣಗಿದರೆ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುವುದುಂಟಾದ್ದರಿಂದ ಅದನ್ನು ತೇವವಾಗಿಯೇ ಇಡಬೇಕು. ಒಂದು ತರಗತಿಯ ಪ್ರಯೋಗಕ್ಕೆ ಒಂದು ಗ್ರಾಮಿನ ಅಲ್ಪಭಾಗದಷ್ಟು ಪಲ್ಲಾಡಿಯಂ ಸಾಕು, ಸೋಸಿ ತೆಗೆದು ಮುಂದಿನ ತಂಡಕ್ಕೂ ಅದನ್ನೇ ಕೊಡಬಹುದು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯವೂ ಲಿಂಬೆ ಮಂಡಳಿಯೂ ಸೇರಿ ಈ ಒಂದು ಪ್ರಯೋಗವನ್ನು ಬರುವ ಮಳೆಗಾಲದ ಪಾಠಕ್ರಮದಲ್ಲಿ ಸೇರಿಸುವುದಕ್ಕೆ ಸಚಿವಾಲಯದ ಅಪ್ಪಣೆಯೂ ಬೇಕಿಲ್ಲ, ಕೋಟಿಗಳ ಅನುದಾನವೂ ಬೇಕಿಲ್ಲ.